ಅರ್ಧ ಗಂಡ, ಎರಡು ಲ್ಯಾಪ್‌ಟಾಪು

ತಲೆಯ ಮೇಲೆ ಯಾರೋ ಕೈಯಿಟ್ಟರು. ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಕಂಪ್ಯೂಟರಿನ ಗುಹೆಯೊಂದರಲ್ಲಿ ರಾಕ್ಷಸನ ಮೇಲೆ ಕತ್ತಿ ಬೀಸುತ್ತಿದ್ದ ನಾನು ಕುರ್ಚಿಯಿಂದ ಎಗರಿಬಿದ್ದೆ. ತಿರುಗಿ ನೋಡಿದರೆ ಮನೆಯ ಒಡತಿ ನೀಲವ್ವ, ತಾಟಿನಲ್ಲಿ ರೊಟ್ಟಿ, ಕಡಲೆಹಿಟ್ಟಿನ ಝುಣಕ ಹಿಡಿದು ನಿಂತಿದ್ದರು.

"ಅಯ್ಯ ಶಿವನ! ಯಾರನ್ ಕೊಲ್ಲಾಕತ್ತೀರಿ?"

"ಕೆಲಸ ಮಾಡ್ತಾ ಇದ್ದೀನಿ ಅಮ್ಮಾ."

"ಇದಕ್ಕ ಪಗಾರ ಕೊಡ್ತಾರ?"

ಪಗಾರವೆಂದರೆ ಸಂಬಳ. ಕೊಡುತ್ತಾರೆ ಎಂದೆ. ನಂಬಲಿಲ್ಲ. "ಬಾಗಿಲಾ ಹಾಕ್ಕೊಂಡಿದ್ರಿ, ಮೈಯಾಗ ಆರಾಮಿಲ್ಲೇನೋ ಅಂತ ದೂಡಿ ಬಂದ್ನಿ" ಎಂದು ತಾಟು ಇಟ್ಟು ಹೋದರು. ಮೈಸೂರಿನಲ್ಲಿ ನಮ್ಮ ಬೀದಿಯ ಬಾಗಿಲು ಸದಾ ಮುಚ್ಚಿರುತ್ತದೆ, ತೆರೆದಿದ್ದರೆ ಯಾರೋ ಹೊರಗೆ ಹೊರಟಿದ್ದಾರೆ ಎಂದರ್ಥ. ಗಜೇಂದ್ರಗಡದಲ್ಲಿ ಹಗಲು ಬಾಗಿಲು ಮುಚ್ಚಿದರೆ ಒಳಗೆ ಜ್ವರವೋ ಜಗಳವೋ ಇರಬೇಕು. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ನನ್ನ ಹೆಂಡತಿ ಪೂರ್ಣಿಮಾ ದನದ ಡಾಕ್ಟರು. ಅವಳಿಗೆ ಇಲ್ಲಿಗೆ ವರ್ಗವಾಯಿತು, ನಾನು ಹಿಂದೆಯೇ ಬಂದೆ. ಸೂಡಿ, ರಾಜೂರ ಕಡೆಯ ಕುರಿ, ಎಮ್ಮೆಗಳೆಲ್ಲ ಅವಳ ಸ್ಕೂಟರಿನ ಸದ್ದು ಗುರುತಿಸುವಷ್ಟು ಬೇಗ ಅವಳು ಈ ಊರಿನವಳಾಗಿಬಿಟ್ಟಳು. ನಾನು ಮಾತ್ರ "ಡಾಕ್ಟರ್ ಬಾಯಾರ ಯಜಮಾನ್ರು", ಅಂದರೆ ಡಾಕ್ಟರಮ್ಮನ ಗಂಡ. ನನಗೂ ಒಂದು ಹೆಸರಿದೆಯೆಂದು ಯಾರಿಗೂ ಅನುಮಾನವೇ ಬರಲಿಲ್ಲ. ಹೊಸ ಕಂಪ್ಯೂಟರ್ ಆಟಗಳನ್ನು ಮಾರಾಟಕ್ಕೆ ಬಿಡುವ ಮೊದಲು ಆಡಿ ನೋಡಿ, ಎಲ್ಲಿ ಕೈಕೊಡುತ್ತವೆ ಎಂದು ಕಂಪನಿಗೆ ತಿಳಿಸುವುದು ನನ್ನ ಕೆಲಸ. ಮನೆಯಲ್ಲೇ ಕೂತು ಮಾಡುವಂಥದ್ದು. ಊರವರ ಬಾಯಲ್ಲಿ ಬರೀ ಗಡವಾದ ಈ ಊರಿನಲ್ಲಿ ಇದನ್ನು ವಿವರಿಸುವ ಪ್ರಯತ್ನವನ್ನು ನಾನು ಕೈಬಿಟ್ಟು ಬಹಳ ದಿನವಾಯಿತು.

ಕಲಿತದ್ದೂ ಇದೆ, ಇಲ್ಲವೆನ್ನುವುದಿಲ್ಲ. ಬೆಳಗಿನ ನಾಷ್ಟಾಕ್ಕೆ ಒಗ್ಗರಣೆ ಹಾಕಿದ ಮಂಡಕ್ಕಿಯ ಜೊತೆ ಮಿರ್ಚಿ ಬಜ್ಜಿ ತಿನ್ನುತ್ತಾರೆ. ಮೊದಲ ದಿನ ಕಣ್ಣಲ್ಲಿ ನೀರು ಬಂತು, ಈಗ ಅದಿಲ್ಲದಿದ್ದರೆ ಬೆಳಗಾದಂತೆಯೇ ಅನ್ನಿಸುವುದಿಲ್ಲ. "ಲಗೂನ ಬರ್ರಿ" ಅಂದರೆ ಬೇಗ ಬನ್ನಿ ಎಂದು ತಿಳಿಯಿತು. ಬೇಗ ಹೋದರೆ ಕರೆದವರೇ ಇನ್ನೂ ಬಂದಿರುವುದಿಲ್ಲ ಎಂಬುದೂ ತಿಳಿಯಿತು. ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡುತ್ತ ಸಂಜೆಗಳು ಕಳೆದವು. ಆದರೆ ಮಾತಾಡಲು ನನ್ನವರು ಅನ್ನುವವರು ಯಾರೂ ಇರಲಿಲ್ಲ. ಹಾಗಾಗಿ ತಿಂಗಳಿಗೆ ಹದಿನೈದು ದಿನ ಮೈಸೂರಿಗೆ, ಅಮ್ಮನ ಮನೆಗೆ ಓಡುತ್ತಿದ್ದೆ. ಅಲ್ಲಿಗೆ ಹೋದರೆ ಇಲ್ಲಿಯ ರೊಟ್ಟಿ ನೆನಪಾಗುತ್ತಿತ್ತು. ಥೂ, ಇದೆಂಥ ಮನಸ್ಸೋ!

ಒಂದು ದಿನ ಪೂರ್ಣಿಮಾ ಗಮ್‌ಬೂಟು ತೊಳೆಯುತ್ತ ಅಂದಳು: "ಇರೋದಾದ್ರೆ ಇರು, ಹೋಗೋದಾದ್ರೆ ಹೋಗು. ಅರ್ಧ ಗಂಡ ನಂಗೆ ಬೇಡ."

ನಗುತ್ತಾಳೇನೋ ಎಂದು ಮುಖ ನೋಡಿದೆ. ನಗಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅದೇ ವಾರ ನನ್ನ ಹಳೆಯ ಲ್ಯಾಪ್‌ಟಾಪು ಸುಟ್ಟ ವಾಸನೆ ಬಿಟ್ಟು ಕಣ್ಮುಚ್ಚಿತು. ಹೊಸದು ಕೊಳ್ಳಲೇಬೇಕು, ಆದರೆ ಯಾವುದು? ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಎರಡು ಜಾತಿ. ಒಂದು ತೆಳ್ಳಗಿನದು. ಹೆಗಲಚೀಲದಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಬಸ್ಸು, ರೈಲು, ಮೈಸೂರು, ಗಡ, ಎಲ್ಲಿಗೆ ಬೇಕಾದರೂ ಒಯ್ಯಬಹುದು. ಇನ್ನೊಂದು ದಪ್ಪನೆಯ ದಾಂಡಿಗ. ಅದರ ಚಾರ್ಜರೇ ಇಟ್ಟಿಗೆಯಷ್ಟು ದೊಡ್ಡದು. ಎರಡರಲ್ಲೂ ಒಂದೇ ಹೆಸರಿನ ಗ್ರಾಫಿಕ್ಸ್ ಚಿಪ್ಪು ಇರುತ್ತದೆ, ಮೋಸ ಹೋಗುವುದು ಇಲ್ಲೇ. ತೆಳ್ಳಗಿನದರಲ್ಲಿ ಬಿಸಿ ಹೊರಗೆ ಹೋಗಲು ಜಾಗ ಸಾಲದು, ಆದ್ದರಿಂದ ಆ ಚಿಪ್ಪಿಗೆ ಕಡಿಮೆ ಕರೆಂಟು ಕೊಡುತ್ತಾರೆ. ಸ್ವಲ್ಪ ಹೊತ್ತು ಓಡಿ ಏದುಸಿರು ಬಿಡುತ್ತದೆ. ದಪ್ಪನೆಯದು ದಿನವಿಡೀ ಎಳೆಯುತ್ತದೆ, ಆದರೆ ಮೇಜು ಬಿಟ್ಟು ಕದಲುವುದಿಲ್ಲ, ಕರೆಂಟು ಹೋದರೆ ಬ್ಯಾಟರಿಯೂ ಬೇಗ ಮುಗಿಯುತ್ತದೆ. ಕೆಲಸಕ್ಕೆ ದಪ್ಪನೆಯದೇ ಸರಿ ಎಂದು ಬುದ್ಧಿಗೆ ಗೊತ್ತಿತ್ತು. ಬೆರಳು ಮಾತ್ರ ಫೋನಿನಲ್ಲಿ ತೆಳ್ಳಗಿನವುಗಳ ಚಿತ್ರವನ್ನೇ ಸರಿಸುತ್ತಿತ್ತು. ದಪ್ಪನೆಯದು ಕೊಂಡರೆ ಇಲ್ಲೇ ಗೂಟ ಹೊಡೆದ ಹಾಗೆ, ತೆಳ್ಳಗಿನದು ಕೊಂಡರೆ ಹೋಗುತ್ತೇನೆ ಎಂದು ಪೂರ್ಣಿಮಾಳಿಗೆ ಉತ್ತರ ಕೊಟ್ಟ ಹಾಗೆ.

ರಿಪೇರಿ ಅಂಗಡಿಯ ಮೆಹಬೂಬಣ್ಣನನ್ನು ಕೇಳಿದೆ. ಅವರ ಗುಣವೇನೆಂದರೆ ಗಿರಾಕಿ ಹೇಳಿದ್ದಕ್ಕೆಲ್ಲ ಹೌದು ಅನ್ನುವುದು.

"ತೆಳ್ಳಂದು ತಗೊಳ್ಳೋಣ ಅಂತ."

"ಖರೇ ಐತ್ರಿ, ತೆಳ್ಳಂದ ಚಲೋ."

"ಆದ್ರೆ ಬಿಸಿ ಆಗುತ್ತಲ್ಲ?"

"ಭಾಳ ಬಿಸಿ ಆಕ್ಕೈತ್ರಿ! ದಪ್ಪಂದ ತಗೋರಿ."

ಕಡೆಗೆ, ನರಗುಂದದಲ್ಲಿ ತಮ್ಮ ಭಾವನ ಅಂಗಡಿಯಲ್ಲಿ ಎರಡೂ ಇವೆ, ಕಣ್ಣಾರೆ ನೋಡಿ ಬರೋಣ ಎಂದರು. ನಾವಿಬ್ಬರು ಬಸ್‌ಸ್ಟ್ಯಾಂಡಿಗೆ ಹೋದರೆ ಅಲ್ಲಿ ನೀಲವ್ವ, ಕೈಯಲ್ಲಿ ಬುತ್ತಿ! "ದೊಡ್ಡ ವಸ್ತಾ ತರಾಕ ಹೊಂಟೀರಿ, ಮನಿ ಹಿರ್ಯಾರು ಒಬ್ಬರು ಬ್ಯಾಡೇನ್ರಿ?" ಅವರ ಪ್ರಕಾರ ಅವರು ನಮ್ಮ ಮನೆಯ ಹಿರಿಯರು. ಮೈಸೂರಿನಲ್ಲಿ ನನ್ನ ಅಣ್ಣ ಕಾರು ಕೊಂಡದ್ದೇ ನನಗೆ ಫೋಟೋ ನೋಡಿ ಗೊತ್ತಾಗಿತ್ತು. ಇಲ್ಲಿ ಬಾಡಿಗೆಯವನ ಲ್ಯಾಪ್‌ಟಾಪಿಗೆ ಒಡತಿ ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದರು. ಸಿಟ್ಟು ಬಂತು, ಏನೋ ಹಿತವೂ ಆಯಿತು. ಎರಡರಲ್ಲಿ ಯಾವುದನ್ನು ತೋರಿಸಬೇಕೋ ತಿಳಿಯದೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟೆ.

ರೋಣದಲ್ಲಿ ಬಸ್ಸು ನಿಂತು, ಚಹಾ ಕುಡಿದು, ಮುಂದೆ ಹೋದಂತೆ ಒಣ ಹೊಲಗಳು ಕಳೆದು ಕಾಲುವೆಯ ಹಸಿರು ಶುರುವಾಯಿತು. ನರಗುಂದದ ಅಂಗಡಿಯ ಎದುರಿಗೇ ಕೋಟೆಯ ಗುಡ್ಡ. ಮೆಹಬೂಬಣ್ಣನ ಭಾವ ಎರಡೂ ಯಂತ್ರಗಳಲ್ಲಿ ಒಂದೇ ಆಟ ಹಚ್ಚಿಕೊಟ್ಟರು. ತೆಳ್ಳಗಿನದರಲ್ಲಿ ಮೊದಮೊದಲು ಸೊಗಸಾಗಿ ಓಡಿದ ಕುದುರೆ ಕ್ರಮೇಣ ತಡವರಿಸತೊಡಗಿತು. ನೀಲವ್ವ ಅದರ ಮೇಲೆ ಅಂಗೈ ಇಟ್ಟು ಥಟ್ಟನೆ ತೆಗೆದರು.

"ಹಂಚ್ ಕಾದಂಗ ಕಾದೈತಲ್ರಿ!"

ದಪ್ಪನೆಯದರಲ್ಲಿ ಕುದುರೆ ದಣಿಯಲಿಲ್ಲ, ಆದರೆ ಫ್ಯಾನು ಹುಯ್ಯೆಂದಿತು.

"ಇದು ಗಿರಣಿ ಸಪ್ಪಳ ಮಾಡ್ತೈತಿ. ಆದ್ರೂ ಗಟ್ಟಿ ಐತಿ."

ಆದರೂ ನನ್ನ ಕೈ ತೆಳ್ಳಗಿನದನ್ನೇ ಎತ್ತಿಕೊಂಡಿತು. ಹಗುರ. "ಇದನ್ನ ಒಯ್ಯೋಕೆ ಸುಲಭ ಅಮ್ಮಾ" ಎಂದೆ.

"ಹೌದ್ರಿ. ಆದ್ರ ಎಲ್ಲಿಗೆ ಒಯ್ತೀರಿ?"

ಅವರು ಸುಮ್ಮನೆ ಕೇಳಿದ್ದು, ಕೊಂಕು ಏನೂ ಇರಲಿಲ್ಲ. ನಾನು ಅದನ್ನು ಮತ್ತೆ ಮೇಜಿನ ಮೇಲಿಟ್ಟೆ. ಮೈಸೂರಿನ ಗೆಳೆಯರೂ ಈಗ ಫೋನು ಮಾಡಿದರೆ "ಬ್ಯುಸಿ ಮಗಾ" ಅನ್ನುತ್ತಿದ್ದರು. ಅಲ್ಲಿಗೆ ಹೋಗಿ ನಾನು ಮಾಡುತ್ತಿದ್ದದ್ದು ಇದೇ, ಬಾಗಿಲು ಹಾಕಿಕೊಂಡು ಆಡುವುದು. ಹಾಗಾದರೆ ಓಡುತ್ತಿದ್ದದ್ದು ಎಲ್ಲಿಗೆ? ಗೊಂದಲ ಕಳೆಯಿತು ಅಂತಲ್ಲ, ಅದರಲ್ಲೇ ಸುತ್ತಿ ಸಾಕಾಯಿತು. "ದಪ್ಪಂದೇ ಕೊಡಿ" ಎಂದುಬಿಟ್ಟೆ.

"ದಪ್ಪಂದ ಚಲೋರಿ" ಎಂದರು ಮೆಹಬೂಬಣ್ಣ.

ಮನೆಗೆ ಬಂದು ಡಬ್ಬಿ ಬಿಚ್ಚಿದೆ. ನೀಲವ್ವ ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆಸಿ, ತಮ್ಮ ಮನೆಗೆ ಹೋದರು. ಸಂಜೆ ಪೂರ್ಣಿಮಾ ಬಂದು ಮೇಜಿನ ಮೇಲಿನ ದಾಂಡಿಗನನ್ನು ನೋಡಿ ಹೆಲ್ಮೆಟ್ಟು ತೆಗೆಯುವುದನ್ನೇ ಮರೆತು ನಿಂತಳು.

"ಇದೇನಿದು? ತೆಳ್ಳಂದಲ್ವಾ?"

"ಅಲ್ಲ. ನಾನು ಇಲ್ಲೇ ಇರ್ತೀನಿ. ಪೂರ್ತಿ."

ಅವಳು ಕುರ್ಚಿಯಲ್ಲಿ ಕುಸಿದಳು. "ಅಯ್ಯೋ ದೇವ್ರೇ! ನಾನು ಮೈಸೂರಿಗೆ ಒಪ್ಪಿಬಿಟ್ನಲ್ಲೋ!"

ಮೈಸೂರಿನಲ್ಲಿ ಕೆಲಸ ಮಾಡುವ ಗದಗ ಕಡೆಯ ಡಾಕ್ಟರೊಬ್ಬರು ಜಾಗ ಅದಲುಬದಲು ಮಾಡಿಕೊಳ್ಳೋಣವೇ ಎಂದು ಕೇಳುತ್ತಲೇ ಇದ್ದರಂತೆ. ಇವಳು ಒಪ್ಪಿರಲಿಲ್ಲ. ನನ್ನ ಫೋನಿನಲ್ಲಿ ದಿನಾ ತೆಳ್ಳಗಿನ ಲ್ಯಾಪ್‌ಟಾಪುಗಳನ್ನೇ ನೋಡಿ, ಇವನು ಹೊರಟೇಬಿಟ್ಟ ಎಂದುಕೊಂಡು, ಅವತ್ತು ಮಧ್ಯಾಹ್ನವೇ ಅವರಿಗೆ ಆಗಲಿ ಅಂದಿದ್ದಳು. "ನಿನ್ನ ಬಿಟ್ಟು ಇರೋಕಾಗಲ್ಲ ನಂಗೆ. ಅದಕ್ಕೆ" ಎಂದು ಸಿಟ್ಟಿನಲ್ಲೇ ಅತ್ತಳು.

ಸುಳ್ಳು ಯಾಕೆ ಹೇಳಲಿ, ಮೈಸೂರು ಅಂದ ಕೂಡಲೇ ನನಗೆ ಖುಷಿಯಾಯಿತು. ಆದರೆ ಇವಳು ನನಗೋಸ್ಕರ ಬಿಡಲು ಹೊರಟದ್ದು ಎಂಥ ಸುಖವನ್ನು ಎಂದು ನನಗೆ ಗೊತ್ತಿತ್ತು. ಸೂಡಿಯಿಂದ ಬರುವಾಗ ಹಾಡು ಗುನುಗುತ್ತ ಬರುತ್ತಾಳೆ. ಮೈಸೂರಿನ ಕೆಲಸ ಮುಗಿಸಿ ಬಂದಾಗ ಒಂದು ದಿನವೂ ಗುನುಗಿದವಳಲ್ಲ.

"ಈಗಲೇ ಫೋನ್ ಮಾಡಿ ಬೇಡ ಅನ್ನು."

"ನಿಜ ಹೇಳು, ನಿಂಗೆ ಹೋಗಬೇಕು ಅನ್ಸಲ್ವಾ?"

"ಅನ್ಸುತ್ತೆ ಕಣೆ. ಇರಬೇಕೂ ಅನ್ಸುತ್ತೆ. ನೀನು ಫೋನ್ ಮಾಡು."

ಮಾಡಿದಳು. ಆ ಡಾಕ್ಟರು ಪಾಪ, ಇನ್ನೂ ಅರ್ಜಿ ಬರೆದುಕೊಟ್ಟಿರಲಿಲ್ಲ. ಬೇಸರಪಟ್ಟುಕೊಂಡರು, ಆಗಲಿ ಎಂದರು. ಪೂರ್ಣಿಮಾ ಕಣ್ಣೊರೆಸಿಕೊಂಡು ಅಕ್ಕಿ ತೊಳೆಯಲು ಎದ್ದಳು. ನಾನು ಮೈಸೂರಿಗೆ, ಅಮ್ಮನಿಗೆ ಫೋನು ಹಚ್ಚಿದೆ. ಇನ್ನು ಹಾಗೆಲ್ಲ ಬರಲಾಗುವುದಿಲ್ಲ, ಬಂದರೆ ಹಬ್ಬಕ್ಕೆ ಇಬ್ಬರೂ ಬರುತ್ತೇವೆ, ನನ್ನ ಕೋಣೆಯ ಮೇಜನ್ನು ಅಣ್ಣನ ಮಗಳಿಗೆ ಓದಲು ಕೊಟ್ಟುಬಿಡಿ ಎಂದೆ.

ಅಮ್ಮ ಒಳ್ಳೆಯದೇ ಆಯಿತು ಎಂದರು. ಆಮೇಲೆ ಕೇಳಿದರು: "ಹಾಗಾದ್ರೆ ಬಂದಾಗ ನೀನೆಲ್ಲಿ ಕೂತ್ಕೋತೀಯೋ?"

ಎಲ್ಲಾದರೂ ಕೂತರಾಯಿತು ಅಮ್ಮ ಎಂದೆ. ಹೇಳಿದ ಮೇಲೆ ಹೊಳೆಯಿತು, ಮನೆಗೆ ಬಂದ ನೆಂಟರು ಹಾಗೇ ಅನ್ನುತ್ತಾರೆ.