ಪೀಸಾದವನು ಹೇಳಿದ ತಂತಿ

ಉಬಾಲ್ಡೊ ಹುಟ್ಟಿದಾಗ ಅಳಲಿಲ್ಲವಂತೆ, ಸೂಲಗಿತ್ತಿಯನ್ನು ಬೈದನಂತೆ. ದೊಡ್ಡವನಾದ ಮೇಲಂತೂ ಅವನು ಬಾಯಿ ತೆರೆದರೆ ನಮ್ಮ ಲಿವೋರ್ನೊ ಬಂದರಿನ ಕಡಲಹಕ್ಕಿಗಳು ಗುಂಪುಗುಂಪಾಗಿ ಕಡಲಾಚೆಯ ಕಾರ್ಸಿಕಾ ದ್ವೀಪಕ್ಕೆ ಗುಳೆ ಹೋಗುತ್ತಿದ್ದವು. ಸಮುದ್ರದಂಡೆಯ ಆಟದಂಗಡಿಯಲ್ಲಿ, ನಾಣ್ಯ ಹಾಕಿ ಆಡುವ ಯಂತ್ರಗಳ ರಿಪೇರಿ ಅವನ ಕೆಲಸವಾಗಿತ್ತು.

ಅಂಗಡಿ ಮುಚ್ಚಿದಾಗ ಜಟ್ಟಿಕಾಳಗದ ಒಂದು ಯಂತ್ರ ಮಾತ್ರ ಉಳಿದು ನಮ್ಮ ಕ್ಲಬ್ಬಿನ ಮೂಲೆ ಸೇರಿತು. ಅದರ ಪರದೆ ಸತ್ತು ಹೋಗಿತ್ತು. ಆದರೂ ಉಬಾಲ್ಡೊ ದಿನವೂ ಬಂದು ಅದರ ಹಿಡಿಕೆಗೆ ಎಣ್ಣೆ ಬಿಟ್ಟು, ಮೈ ಒರೆಸಿ, ಹತ್ತಿರ ಸುಳಿದವರಿಗೆಲ್ಲ ಉಗಿದು ಹೋಗುತ್ತಿದ್ದ. ಹೆಂಡತಿ ನೊರ್ಮಾಳ ಮೇಲೆ ಇದರ ಕಾಲುಭಾಗ ಕಾಳಜಿ ತೋರಿಸಿದ್ದರೂ ಸಾಕಿತ್ತು, ಅವಳು ಇವನನ್ನು ಬಿಟ್ಟು ಮೀನು ಮಾರುಕಟ್ಟೆಯ ಹಿಂದೆ ಬೇರೆ ಮನೆ ಮಾಡುತ್ತಿರಲಿಲ್ಲ.

ಹೀಗಿರುವಾಗ ಪಕ್ಕದೂರು, ನಮ್ಮ ತಲೆತಲಾಂತರದ ವೈರಿ ಪೀಸಾದಿಂದ ರಾನಿಯೇರಿ ಬಂದ. ಮನೆಗಳಿಗೆ ಕಳ್ಳರು ನುಗ್ಗಿದರೆ ಬಡಿದುಕೊಳ್ಳುವ ಗಂಟೆ ಜೋಡಿಸುವ ಕೆಲಸದವನು, ಹಳೆಯ ಯಂತ್ರಗಳ ಹುಚ್ಚ.

"ಇದು ಇಲ್ಲಿ ಕೊಳೀತಾ ಬಿದ್ದಿದೆಯಲ್ಲ. ಇದೇ ಕಾಳಗದ ಆಟವನ್ನ ಟೀವಿಗೆ ಸಿಕ್ಕಿಸೋ ಆಟದ ಪೆಟ್ಟಿಗೆಯಲ್ಲಿ ಆಡೋಣ. ಗೆದ್ದವರು ಯಂತ್ರ ಒಯ್ಯಲಿ. ಗಂಡಸರಿದ್ದಾರಾ ಇಲ್ಲಿ?"

ಪೀಸಾದವನ ಎದುರು ಹಿಂದೆ ಸರಿಯುವ ಪದ್ಧತಿ ನಮ್ಮೂರಲ್ಲಿಲ್ಲ. ಉಬಾಲ್ಡೊನನ್ನು ಕೇಳದೆ ಇಡೀ ಕ್ಲಬ್ಬು ಮೇಜು ಗುದ್ದಿ ಒಪ್ಪಿಕೊಂಡಿತು. ಆಮೇಲೆ ನೋಡಿದರೆ ಆಡಬಲ್ಲ ಗಂಡಸರು ಯಾರೂ ಇರಲಿಲ್ಲ. ಇದ್ದವಳು, ಹಿಂದೆ ಆಟದಂಗಡಿಯಲ್ಲಿ ಗಂಡನಿಗೆ ಕಾಯುತ್ತ ಆಟ ಕಲಿತಿದ್ದ ನೊರ್ಮಾ ಒಬ್ಬಳೇ.

ಆದರೆ ಮೀನು ಕೊಯ್ಯುವ ಚೂರಿ ಎಂದೋ ಅವಳ ಹೆಬ್ಬೆರಳಿನ ನರ ಕಡಿದಿತ್ತು. ಟೀವಿ ಆಟದ ಕೈಪೆಟ್ಟಿಗೆಯ ಪುಟ್ಟ ಗುಂಡಿಗಳು ಅವಳಿಗೆ ಒಗ್ಗುತ್ತಿರಲಿಲ್ಲ. ಹಳೆಯ ಯಂತ್ರದಲ್ಲಿದ್ದಂತೆ ಮುಷ್ಟಿಯಲ್ಲಿ ಹಿಡಿಯುವ ಹಿಡಿಕೆ, ದೊಡ್ಡ ಗುಂಡಿಗಳೇ ಬೇಕು. ಅಂದರೆ ಕೈಪೆಟ್ಟಿಗೆ ಒಡೆದು, ಒಳಗಿನ ಹಸಿರು ಬೋರ್ಡಿಗೆ ಆ ಹಿಡಿಕೆ, ಗುಂಡಿಗಳ ತಂತಿಗಳನ್ನು ಬೆಸೆಯಬೇಕು. ಯಂತ್ರ ಪೀಸಾಕ್ಕೆ ಹೋಗದಿರಲೆಂದು ಉಬಾಲ್ಡೊ ಆ ಕೆಲಸಕ್ಕೆ ಕೂತ.

ಪಂದ್ಯದ ಭಾನುವಾರ ಬೆಳಿಗ್ಗೆ ಎಲ್ಲರೂ ಕಡಲೆಹಿಟ್ಟಿನ ರೊಟ್ಟಿ ತುಂಬಿದ ಬ್ರೆಡ್ಡು ಮೆಲ್ಲುತ್ತ ಸುತ್ತ ನಿಂತಿದ್ದರು. ನೊರ್ಮಾ ಹಿಡಿಕೆ ಪರೀಕ್ಷಿಸಿದಳು. ಗುದ್ದಿನ ಗುಂಡಿ ಒತ್ತಿದರೆ ಪರದೆಯ ಜಟ್ಟಿ ಎಗರಿದ. ಒದೆಯ ಗುಂಡಿ ಒತ್ತಿದರೆ ಕುಕ್ಕರಗಾಲಲ್ಲಿ ಕೂತ.

"ಏನೋ ಇದು? ಜಟ್ಟಿಗೆ ಭೇದಿ ಹತ್ತಿದೆಯಾ?"

"ನಿನ್ನ ಕೈಗೆ ಮೀನಿನ ಜಿಡ್ಡು. ನನ್ನ ತಂತಿಗೆ ಏನೂ ಆಗಿಲ್ಲ."

ತಪ್ಪು ಅವನದೇ. ಹಳೆಯ ಯಂತ್ರದಲ್ಲಿ ಎಲ್ಲ ಗುಂಡಿಗಳಿಗೂ ಸೇರಿ ವಿದ್ಯುತ್ತು ವಾಪಸು ಹೋಗುವ ತಂತಿ ಒಂದೇ. ಗುಂಡಿಯಿಂದ ಗುಂಡಿಗೆ ಮಾಲೆಯಂತೆ ಪೋಣಿಸಿದರೆ ಮುಗಿಯಿತು. ಇಲ್ಲೂ ಅವನು ಹಾಗೇ ಪೋಣಿಸಿದ್ದ.

ರಾನಿಯೇರಿ ರಮ್ಮು ಬೆರೆಸಿದ ಕಾಫಿ ಹೀರುತ್ತ ಎದ್ದು ಬಂದು, ಬೋರ್ಡಿನ ಮೇಲೆ ಕಣ್ಣಾಡಿಸಿದ. ಆಮೇಲೆ ಬಂದರಿಗೆಲ್ಲ ಕೇಳುವ ಹಾಗೆ ಹೇಳಿದ: "ಮೇಸ್ತ್ರಿಗಳೇ, ಈ ಬೋರ್ಡಲ್ಲಿ ಒಂದೊಂದು ಗುಂಡಿಗೂ ಅದರದ್ದೇ ಜೋಡಿ ತಂತಿ ಬೇಕು. ಆ ಮಾಲೆ ಕತ್ತರಿಸಿ ಬೇರೆ ಬೇರೆ ಬೆಸೀರಿ, ಸರಿಹೋಗುತ್ತೆ."

ಅವನು ಹೇಳಿದ್ದು ಸತ್ಯ. ಸತ್ಯವಾದ್ದರಿಂದಲೇ ಹೇಳಿದ್ದ, ಬದ್ಮಾಷ್! ಪೀಸಾದವನ ಬಾಯಿಂದ ಬಂದ ಮಾತನ್ನು ಲಿವೋರ್ನೊದವನು ಪ್ರಾಣ ಹೋದರೂ ಕೇಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಉಬಾಲ್ಡೊನ ಮುಖದ ಕೆಂಪಿಗೆ ಗೋಡೆಯ ಸುಣ್ಣ ಕಂದಿತು. ಬೆಸುಗೆ ಕಡ್ಡಿ ಕೆಳಗಿಟ್ಟು ಎರಡೂ ಕೈ ಜೇಬಿಗೆ ತುರುಕಿದ. "ನಾನು ಮುಟ್ಟಲ್ಲ. ಹೀಗೇ ಆಡಲಿ."

"ಹೀಗೇ ಆಡಿದ್ರೆ ಯಂತ್ರ ಹೋಗುತ್ತೋ, ಕತ್ತೆ!"

"ಹೋಗಲಿ."

ನೊರ್ಮಾ ಏಪ್ರನ್ನಿಗೆ ಕೈ ಒರೆಸಿ ತಾನೇ ಕಡ್ಡಿ ಎತ್ತಿಕೊಂಡಳು. ಮೀನಿನ ಚೂರಿಯಿಂದ ಮಾಲೆಯನ್ನು ಕಡಿದಳು. ಹೊಗೆ ಎದ್ದಿತು, ಬೆರಳು ಸುಟ್ಟಿತು, ಅವಳ ಬೈಗುಳಕ್ಕೆ ಕಾರ್ಸಿಕಾದಲ್ಲಿದ್ದ ಹಕ್ಕಿಗಳು ಇನ್ನೂ ಆಚೆಗೆ ಹಾರಿದವು.

ಉಬಾಲ್ಡೊ ಗೋಡೆ ಕಡೆ ಮುಖ ಮಾಡಿ ನಿಂತಿದ್ದ. ಆದರೂ ಓರೆಗಣ್ಣು ಸುಮ್ಮನಿರಬೇಕಲ್ಲ! "ನೀಲಿ ತಂತಿ ಅಲ್ಲಿಗಲ್ಲ, ಕುರುಡಿ. ಪಕ್ಕದ ಚುಕ್ಕೆಗೆ. ಅಷ್ಟು ಸೀಸ ಸುರೀಬೇಡ, ಅದೇನು ಮೀನಿನ ಸಾರಾ?" ಜೇಬಿನಿಂದ ಕೈ ಮಾತ್ರ ತೆಗೆಯಲಿಲ್ಲ. ಪೀಸಾದವನ ಮಾತು ಕೇಳಿದನೆಂದು ನಾಳೆ ಯಾರೂ ಹೇಳುವಂತಿರಲಿಲ್ಲ. ಹೆಂಡತಿಯನ್ನು ಬೈದನೆಂದಷ್ಟೇ ಹೇಳಬಹುದಿತ್ತು.

ಜಟ್ಟಿ ನೆಟ್ಟಗಾದ. ನೊರ್ಮಾ ಆಡಿದಳು ಅನ್ನುವುದಕ್ಕಿಂತ ರಾನಿಯೇರಿಯ ಮುಳ್ಳು ತೆಗೆದು, ಪೊರೆ ಕೆರೆದು, ಹೋಳು ಮಾಡಿದಳು ಅನ್ನಬೇಕು. ಅವನು ಕೈಕುಲುಕದೆ, ಕಾಫಿ ಮುಗಿಸದೆ ಹೊರಟುಹೋದ.

ಉಬಾಲ್ಡೊ ಬಟ್ಟೆ ಹಿಡಿದು ಯಂತ್ರ ಒರೆಸಲು ಹೋದ. ನೊರ್ಮಾ ಅಡ್ಡ ನಿಂತಳು.

"ಕೈ ತೆಗಿ. ಗೆದ್ದವರು ಒಯ್ಯಬೇಕು ಅಂತ ತಾನೇ ಮಾತು? ಗೆದ್ದೋಳು ನಾನು. ನನ್ನ ಮನೆಗೆ ಹೋಗುತ್ತೆ."

"ನಿನ್ನ ಮನೆಗಾ?"

"ಹೂಂ. ಬೇಕಾದ್ರೆ ಬಂದು ಎಣ್ಣೆ ಬಿಡು. ಬಾಗಿಲು ತಟ್ಟಿ, ಕಾಲು ಒರೆಸಿಕೊಂಡು, ಕೇಳಿ ಒಳಗೆ ಬಾ."

ಉಬಾಲ್ಡೊ ಬಟ್ಟೆಯನ್ನು ನೆಲಕ್ಕೆ ಎಸೆದ. "ನಿನ್ನ ಬಾಗಿಲು ತಟ್ಟೋದಾ? ಅದಕ್ಕಿಂತ ಪೀಸಾಕ್ಕೇ ಹೋಗಲಿ!"

ಈ ಊರು ಕಟ್ಟಿದಾಗಿನಿಂದ ಇಂಥ ಮಾತು ಯಾರೂ ಆಡಿರಲಿಲ್ಲ. ತಾನೇನು ಅಂದೆನೆಂದು ಅವನಿಗೂ ಕೇಳಿಸಿರಬೇಕು. ಮೀನಿನ ಗಾಡಿ ಬಾಗಿಲಿಗೆ ಬಂದಾಗ ಯಾರನ್ನೂ ನೋಡದೆ ಯಂತ್ರದ ಒಂದು ಮೂಲೆಗೆ ಹೆಗಲು ಕೊಟ್ಟು ಗಾಡಿಗೆ ಏರಿಸಿ, "ವಾಲಿಸಬೇಡ್ರೋ ದರಿದ್ರಗಳಾ," ಎಂದು ಎಲ್ಲರನ್ನೂ ಬೈಯುತ್ತ ಗಾಡಿಯ ಜೊತೆ ಅವಳ ಬೀದಿಯ ಕಡೆಗೆ ನಡೆದ.