ಕೊರಳಳತೆ

ಮಾನಸಿಕ ಆಸ್ಪತ್ರೆಯ ಹೊಲಿಗೆ ಕೋಣೆಗೆ ಅವಳು ಕೆಲಸಕ್ಕೆ ಸೇರಿದಾಗ ಅಲ್ಲಿನ ಹೆಂಗಸರಿಗೆಲ್ಲ ಒಂದೇ ಅಳತೆಯ ನಿಲುವಂಗಿ. ಕುಳ್ಳಗಿದ್ದವರು ಅಂಚು ತುಳಿದು ಮುಗ್ಗರಿಸುತ್ತಿದ್ದರು, ದಪ್ಪಗಿದ್ದವರಿಗೆ ಕಂಕುಳು ಕೊಯ್ಯುತ್ತಿತ್ತು. ಹದಿನೆಂಟು ವರ್ಷ ಅಂಗಡಿಯಲ್ಲಿ ಹೊಲಿದು ಪಳಗಿದ ಕೈ ಅವಳದು; ಇದನ್ನು ನೋಡಿಕೊಂಡು ಸುಮ್ಮನಿರುವುದು ಆಗಲಿಲ್ಲ. ಮೊದಲ ವಾರವೇ ಟೇಪು, ನೋಟ್‌ಬುಕ್ ಹಿಡಿದು ವಾರ್ಡಿಗೆ ಹೋದಳು.

"ಇವರಿಗೆಲ್ಲ ಅಳತೆ ಯಾಕೆ? ಮದುವೆಗೆ ಹೊರಟಿದಾರಾ?" ಎಂದಳು ಹಿರಿಯ ನರ್ಸ್.

"ಊಟಕ್ಕೆ ಹೊರಡ್ತಾರಲ್ಲ ಸಿಸ್ಟರ್, ಎಡವದೆ ಹೋಗಲಿ."

ಮುಟ್ಟಿದರೆ ಬೆಚ್ಚುವವರೂ ಅಲ್ಲಿದ್ದರು. ಅಂಥವರ ಕೈಗೆ ಅವಳು ಟೇಪಿನ ಒಂದು ತುದಿ ಕೊಟ್ಟು, "ಹಿಡ್ಕೋ ತಾಯಿ, ನನಗೆ ಎರಡೇ ಕೈ" ಅನ್ನುತ್ತಿದ್ದಳು. ಆರು ತಿಂಗಳಿಗೊಮ್ಮೆ ಹೊಸ ಬಟ್ಟೆ, ಆರು ತಿಂಗಳಿಗೊಮ್ಮೆ ಅಳತೆ. ವಾರ್ಡಿನವರ ಬಾಯಲ್ಲಿ ಅವಳು ಟೇಪಕ್ಕ ಆದಳು.

ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಬ್ಬ ಹೆಂಗಸು ಮಟಮಟ ಮಧ್ಯಾಹ್ನವೂ ಕಂಬಳಿ ಹೊದ್ದು ಕೂತಿರುತ್ತಿದ್ದಳು. ಬಂದ ಹೊಸದರಲ್ಲಿ ಯಾರೋ ಕರೆಯುತ್ತಾರೆ ಎಂದು ಅರಚುತ್ತಿದ್ದಳಂತೆ. ಈಗ ಮಾತೇ ಅಪರೂಪ, ಆಡಿದರೂ ಒಂದೇ ಮಾತು: "ಚಳಿ." ಬಿಸಿಲಲ್ಲಿ ಚಳಿ ಅನ್ನುವುದೇ ಅವಳ ಹುಚ್ಚು ಎಂದು ಎಲ್ಲರೂ ಕೈಬಿಟ್ಟಿದ್ದರು. ಟೇಪಕ್ಕ ಮೂರನೇ ಸಲ ಅಳತೆಗೆ ಹೋದಾಗ ಆಕೆ ಒಡಕು ದನಿಯಲ್ಲಿ, "ಕೊರಳು ಬಿಗಿ" ಅಂದಳು.

ನೋಟ್‌ಬುಕ್ ತಿರುವಿದರೆ, ಮೊದಲ ಸಲ ಹದಿಮೂರು ಇಂಚು. ಆಮೇಲೆ ಹದಿಮೂರೂಮುಕ್ಕಾಲು. ಈಗ ಹದಿನಾಲ್ಕೂವರೆ. ಮಣಿಕಟ್ಟು ಮಾತ್ರ ಇದ್ದಷ್ಟೇ ಇತ್ತು.

ಮನೆಯಲ್ಲಿ, ಕಿವಿ ಮಂದವಾದ ಅತ್ತೆಗೆ ಕೂಗಿ ಹೇಳಿದಳು.

"ನಿನ್ನ ಟೇಪು ಎಳೆದೂ ಎಳೆದೂ ಉದ್ದ ಆಗಿರ್ಬೇಕು."

"ಟೇಪು ಉದ್ದ ಆದ್ರೆ ಅಳತೆ ಕಮ್ಮಿ ಬರ್ಬೇಕು ಅತ್ತೆ."

"ಹಾಗಾದ್ರೆ ಡಾಕ್ಟ್ರಿಗೆ ಹೇಳು. ನಂಗ್ಯಾಕೆ ಹೇಳ್ತೀಯಾ?"

ಮರುದಿನ ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರಿಗೆ ಹೇಳಿದಳು. "ನೀನು ಬಟ್ಟೆ ನೋಡ್ಕೋ, ಕೊರಳು ನಾವು ನೋಡ್ಕೊಳ್ತೀವಿ" ಎಂದು ಅವರು ಮುಂದೆ ನಡೆದರು. ಅವಳು ಆ ಹೆಂಗಸಿನ ಅಂಗಿಯ ಕೊರಳನ್ನು ಒಂದು ಇಂಚು ಸಡಿಲಿಸಿ ಕೊಟ್ಟು, ಎರಡು ವಾರ ಬಟ್ಟೆಯನ್ನಷ್ಟೇ ನೋಡಿಕೊಂಡಳು.

ಅಷ್ಟರಲ್ಲಿ ಹೊಸದಾಗಿ ಬಂದಿದ್ದ ಲೇಡಿ ಡಾಕ್ಟರು ಕೋಟಿನ ಹರಿದ ಜೇಬು ಹೊಲಿಸಲು ಕೋಣೆಗೆ ಬಂದರು. ಟೇಪಕ್ಕ ಸೂಜಿಯ ಮೇಲಿಟ್ಟ ಕಣ್ಣು ಎತ್ತದೆ ಎಲ್ಲ ಹೇಳಿ ಮುಗಿಸಿದಳು. ಡಾಕ್ಟರು ನಗಲಿಲ್ಲ. "ಆ ನೋಟ್‌ಬುಕ್ ಎಲ್ಲಿದೆ?" ಅಂದರು.

ವಾರ್ಡಿಗೆ ಹೋಗಿ, ಕಂಬಳಿಯವಳ ಹಿಂದೆ ನಿಂತು, ಎರಡೂ ಕೈಯ ಬೆರಳನ್ನು ಮೆಲ್ಲಗೆ ಅವಳ ಕೊರಳ ಮೇಲಿಟ್ಟು ನೀರು ಕುಡಿಸಿ ನೋಡಿದರು. ರಕ್ತ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ತಾವೇ ಹೊಲಿಗೆ ಕೋಣೆಗೆ ಬಂದು ಹೇಳಿದರು: "ಥೈರಾಯ್ಡ್. ಕೊರಳಲ್ಲಿರೋ ಗ್ರಂಥಿ ಸೋತಿದೆ. ಅದು ಸೋತರೆ ಚಳಿ, ಮಂಕು. ಕೆಲವರಿಗೆ ಇಲ್ಲದ ದನಿಯೂ ಕೇಳ್ಸುತ್ತೆ. ದಿನಕ್ಕೊಂದು ಮಾತ್ರೆ ಸಾಕು."

ಮೊದಲ ತಿಂಗಳು ಏನೂ ಬದಲಾಗಲಿಲ್ಲ. ಏಳನೇ ವಾರ ಕಂಬಳಿ ಮಡಿಕೆಯಾಗಿ ಹಾಸಿಗೆಯ ಕಾಲ ಬಳಿ ಕೂತಿತು. ಮೂರನೇ ತಿಂಗಳು ಆಕೆ ಟೇಪಕ್ಕನ ಸೆರಗು ಹಿಡಿದು ನಿಲ್ಲಿಸಿದಳು. "ನನ್ನ ಮಗಳಿಗೀಗ ಎಷ್ಟು ವರ್ಷ?"

ಟೇಪಕ್ಕ ಫೈಲು ನೋಡಿಸಿಕೊಂಡು ಬಂದು, "ಒಂಬತ್ತು" ಅಂದಳು.

"ಬಿಟ್ಟು ಬಂದಾಗ ಐದು." ಆಕೆ ಗೋಡೆ ನೋಡಿದಳು. "ಅಷ್ಟು ದಿನದಿಂದ ಚಳಿ ಚಳಿ ಅಂತ ಹೇಳ್ತಾನೇ ಇದ್ದೆ."

"ಹೌದು, ನೀನು ಹೇಳ್ತಿದ್ದೆ. ನಾನೂ ಒಂದು ವರ್ಷ ಕೇಳಿಸ್ಕೊಂಡು ಸುಮ್ನಿದ್ದೆ." ಟೇಪಕ್ಕ ಹಾಸಿಗೆಯ ಅಂಚಿಗೆ ಕೂತು, ಆಕೆ ಅತ್ತು ಮುಗಿಸುವವರೆಗೆ ಬೆನ್ನ ಮೇಲೆ ಕೈಯಿಟ್ಟುಕೊಂಡಿದ್ದಳು.

ಕರೆದೊಯ್ಯಲು ಗಂಡ, ಮಗಳು ಬಂದರು. ಹುಡುಗಿ ಅಪ್ಪನ ಬೆನ್ನಿಗೆ ಅಂಟಿಕೊಂಡೇ ಇದ್ದಳು. ತಾಯಿಯೂ ಬಲವಂತ ಮಾಡಲಿಲ್ಲ. ಗೇಟಿನ ಹತ್ತಿರ ಮಾತ್ರ ಆ ಮಗು ಅಮ್ಮನ ಚೀಲ ಇಸಿದುಕೊಂಡಿತು.

ಆಮೇಲೆ ಲೇಡಿ ಡಾಕ್ಟರು, ಸೇರಿಸಿಕೊಳ್ಳುವ ಪ್ರತಿಯೊಬ್ಬರ ರಕ್ತ ಪರೀಕ್ಷೆಯೂ ಆಗಬೇಕೆಂದು ಹಟ ಹಿಡಿದು ನಿಯಮ ಮಾಡಿಸಿದರು. ಎರಡು ವರ್ಷದಲ್ಲಿ ಅಂಥವರು ಇನ್ನೂ ಮೂವರು ಸಿಕ್ಕರು. ಪ್ರತಿ ಸಲವೂ ಸುದ್ದಿ ಹೊತ್ತು ಹೊಲಿಗೆ ಕೋಣೆಗೆ ಓಡಿ ಬರುತ್ತಿದ್ದವಳು ಹಿರಿಯ ನರ್ಸ್.

ಕಂಬಳಿಯವಳು ಮನೆಗೆ ಹೋದ ವರ್ಷದ ಮೇಲೆ ಅವಳಿಂದ ಒಂದು ಕಾಗದ ಬಂದಿತ್ತು. ಅದನ್ನು ಟೇಪಕ್ಕ ಮನೆಗೊಯ್ದು ಅತ್ತೆಗೆ ಓದಿದಳು: "ಮಗಳು ಇಷ್ಟು ದಿನ ನನ್ನನ್ನ ನೆಂಟರ ಥರ ಮರ್ಯಾದೆಯಿಂದ ಮಾತಾಡಿಸ್ತಿದ್ದಳು. ನಿನ್ನೆ ಸಿಟ್ಟು ಬಂದು ಬಾಗಿಲು ದಢಾರನೆ ಹಾಕಿಕೊಂಡಳು ಅಕ್ಕ. ನನಗೆಷ್ಟು ಸಂತೋಷವಾಯ್ತು ಅಂತ ನಿಮಗಲ್ಲದೆ ಇನ್ಯಾರಿಗೆ ಹೇಳಲಿ."

"ಇನ್ನೊಂದ್ಸಲ ಓದು," ಅಂದರು ಅತ್ತೆ, "ಸ್ವಲ್ಪ ಜೋರಾಗಿ."