ಅಪ್ಪನ ಬೈಕಿನ ಹಿಂದಿನ ಸೀಟು

ಇವತ್ತು ಮುಳಬಾಗಿಲಿನ ಗ್ಯಾರೇಜಿನಲ್ಲಿ ನನ್ನ ಬೈಕಿನ ಹಿಂದಿನ ಚಕ್ರ ಬಿಚ್ಚಿದಾಗ ಗ್ರೀಸಿನ ವಾಸನೆ ಬಂತು. ಶ್ರೀನಿವಾಸಪುರದ ನಮ್ಮ ಹಳೇ ಅಂಗಳ ನೆನಪಾಯಿತು.

ಮಾವಿನ ಕ್ರೇಟು ಹೊತ್ತೂ ಹೊತ್ತೂ ಅಪ್ಪನ ಬೈಕಿನ ಹಿಂದಿನ ರಿಮ್ ಸೊಟ್ಟಗಾಗಿತ್ತು. ಹೊಸ ಚಕ್ರ ತಂದು ಅಪ್ಪ ತಾನೇ ಕೂರಿಸಿದ. ಚೈನು ಬಿಗಿದು, ಚಕ್ರ ತಿರುಗಿಸಿ ನೋಡಿ, ಅಮ್ಮನನ್ನು ಕರೆದ: "ಬಾರೇ, ಮೊದಲ್ನೇ ರೌಂಡು ನಿನ್ನೇ ಕರ್ಕೊಂಡು ಹೋಗ್ತೀನಿ."

ಅಮ್ಮ ಸೀರೆ ಬದಲಿಸಿ, ಚಕ್ರದ ಕೆಳಗಿಡಲು ನಿಂಬೆಹಣ್ಣು ಹಿಡಿದು ಬಂದಳು. ಅಷ್ಟರಲ್ಲಿ ಮಾವಿನ ಮಂಡಿಯಿಂದ ಕರೆ ಬಂತು. ಅಪ್ಪ ಸೀಟಿಗೆ ಮತ್ತೆ ಕ್ರೇಟು ಕಟ್ಟಿದ.

"ಕಾಯಿ ಬಾಡೋಗುತ್ತೆ ಕಣೇ, ನಾಳೆ ಹೋಗೋಣ."

ನಿಂಬೆಹಣ್ಣು ಅಪ್ಪಚ್ಚಿಯಾಯಿತು, ಬೈಕು ಹೋಯಿತು. ಆ ಸೀಟಿನಲ್ಲಿ ಒಂದು ಸಲವೂ ಕೂರದೆ ಅಮ್ಮ ತೀರಿಕೊಂಡಳು.

ಗ್ಯಾರೇಜಿನಲ್ಲಿ ನನ್ನ ಬೈಕಿಗೆ ಚಕ್ರ ಹಾಕಿದ್ದಾಯಿತು. ಜೊತೆಗೆ ಬಂದಿದ್ದ ಅಪ್ಪ ನನ್ನ ಹಿಂದೆ ಹತ್ತಿ ಕೂತು, ಸ್ವಲ್ಪ ತಡವರಿಸಿ ಕೇಳಿದ:

"ಇಲ್ಲಿ ಕೂತೋರು ಕೈ ಎಲ್ಲಿಡ್ತಾರೆ ಕಣೋ?"